ಬಸ್ ಬದಲಿಸಿದರೆ ಮತ್ತೆ ಟಿಕೆಟ್ ಯಾಕೆ? ಮಹಾನಗರ ಸಾರಿಗೆಯ ದರ ಮತ್ತು ಬದಲಾವಣೆಯ ನಿಯಮಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ನಗರಗಳ ಬಸ್, ಮೆಟ್ರೊ, ಟ್ರಾಮ್ ಮತ್ತು ಉಪನಗರ ರೈಲುಗಳ ದರಪಟ್ಟಿಯನ್ನು ಓದಿ ಅರ್ಥವಾಗದೆ ಬಿಟ್ಟವರು, ಒಮ್ಮೆ ಹೆಚ್ಚು ಹಣ ಕಡಿತವಾದ ಮೇಲೆ ಗಮನವಿಟ್ಟು ಓದತೊಡಗಿದವರು, ಹೊಸ ಊರಿಗೆ ಹೊರಡುವ ಮುನ್ನ ವಿಚಾರಿಸುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಸರಳವಾದವು ಮೊದಲು, ಜಟಿಲವಾದವು ಕೊನೆಗೆ ಬಂದಿವೆ. ದರದ ಮೊತ್ತ ವರ್ಷ ವರ್ಷವೂ ಬದಲಾಗುತ್ತದೆ. ಅದರ ಹಿಂದಿನ ನಿಯಮ ಅಷ್ಟು ಬೇಗ ಬದಲಾಗುವುದಿಲ್ಲ. ಆದ್ದರಿಂದ ಇಲ್ಲಿ ಮೊತ್ತಕ್ಕಿಂತ ನಿಯಮಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

ದರವನ್ನು ಯಾವ ಲೆಕ್ಕದಲ್ಲಿ ಹಾಕುತ್ತಾರೆ? ಕೆಲವು ಊರಲ್ಲಿ ಎಲ್ಲಿಗೆ ಹೋದರೂ ಒಂದೇ ದರ, ಕೆಲವು ಕಡೆ ನಿಲ್ದಾಣಕ್ಕೊಂದು ದರ, ಯಾಕೆ ಹೀಗೆ?

ಬಹುತೇಕ ದರಪಟ್ಟಿಗಳು ಮೂರು ಬಗೆಯ ಲೆಕ್ಕಗಳಲ್ಲಿ ಒಂದನ್ನು, ಅಥವಾ ಅವುಗಳ ಮಿಶ್ರಣವನ್ನು ಬಳಸುತ್ತವೆ. ಮೊದಲನೆಯದು ಏಕದರ: ಹತ್ತಿದರೆ ಇಷ್ಟು, ಎಲ್ಲಿ ಇಳಿದರೂ ಅಷ್ಟೇ. ನ್ಯೂಯಾರ್ಕ್ ನಗರದ ಸಬ್‌ವೇ, ಅಂದರೆ ಅಲ್ಲಿನ ಮೆಟ್ರೊ, ಈ ಬಗೆಯದು. ಎರಡನೆಯದು ವಲಯದ ದರ: ನಗರವನ್ನು ಕೇಂದ್ರದಿಂದ ಹೊರಕ್ಕೆ ಬಳೆಗಳಂತೆ ವಿಂಗಡಿಸಿ, ಎಷ್ಟು ಬಳೆಗಳನ್ನು ಮುಟ್ಟಿದಿರಿ ಎಂಬುದರ ಮೇಲೆ ಹಣ ಪಡೆಯುವುದು. ಲಂಡನ್ನಿನ ರೈಲುಗಳೂ ಬರ್ಲಿನ್ನಿನ ಎ, ಬಿ, ಸಿ ವಲಯಗಳೂ ಹೀಗಿವೆ. ಮೂರನೆಯದು ದೂರದ ದರ: ಸಿಂಗಪುರ, ಟೋಕಿಯೊ ಮತ್ತು ದಕ್ಷಿಣ ಕೊರಿಯಾದ ಸೋಲ್ ನಗರಗಳಲ್ಲಿ ಇದೇ ಕ್ರಮ. ಕಂಡಕ್ಟರ್ ಸ್ಟೇಜ್ ಲೆಕ್ಕ ಹಾಕಿ ಟಿಕೆಟ್ ಹರಿದುಕೊಡುವ ಪದ್ಧತಿಯೂ ಇದೇ ವರ್ಗಕ್ಕೆ ಸೇರುತ್ತದೆ.

ಏಕದರದಲ್ಲಿ ಇಳಿಯುವಾಗ ತಪಾಸಣೆ ಬೇಕಿಲ್ಲ, ಯಾರೂ ತಪ್ಪು ಟಿಕೆಟ್ ಕೊಳ್ಳುವುದಿಲ್ಲ. ಆದರೆ ಎರಡು ನಿಲ್ದಾಣ ಹೋಗುವವರು ಇಪ್ಪತ್ತು ನಿಲ್ದಾಣ ಹೋಗುವವರ ಖರ್ಚಿನ ಒಂದು ಪಾಲನ್ನು ಹೊರುತ್ತಾರೆ. ದೂರದ ದರ ಇದಕ್ಕಿಂತ ನ್ಯಾಯವೆಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಬಾಡಿಗೆ ಭರಿಸಲಾಗದೆ ಊರಂಚಿಗೆ ಸರಿದವರು ಹೆಚ್ಚಿರುವ ನಗರದಲ್ಲಿ ಅತಿ ಹೆಚ್ಚು ದರ ತೆರುವವರು ಅತಿ ಕಡಿಮೆ ಗಳಿಸುವವರೇ ಆಗಿಬಿಡಬಹುದು. ಯಾವ ಲೆಕ್ಕ ಸರಿ ಎಂಬುದು ಆ ನಗರದಲ್ಲಿ ಯಾರು ಎಲ್ಲಿ ನೆಲೆಸಿದ್ದಾರೆ ಎಂಬುದನ್ನು ನೋಡದೆ ತೀರ್ಮಾನವಾಗುವುದಿಲ್ಲ.

ನಮ್ಮ ನಿಲ್ದಾಣ ಎರಡು ವಲಯಗಳ ಗಡಿಯಲ್ಲಿದೆ. ನಾನು ಯಾವ ವಲಯದ ಹಣ ಕೊಡಬೇಕು?

ಗಡಿಯ ನಿಲ್ದಾಣಗಳನ್ನು ಸಾಮಾನ್ಯವಾಗಿ ಎರಡೂ ವಲಯಗಳಿಗೆ ಸೇರಿದವೆಂದು ಪರಿಗಣಿಸಿ, ಪ್ರಯಾಣಿಕರಿಗೆ ಅನುಕೂಲವಾಗುವಂತೆ ಲೆಕ್ಕ ಹಾಕುತ್ತಾರೆ: ಒಳಗಿನಿಂದ ಬಂದರೆ ಅದು ಒಳವಲಯ, ಹೊರಗಿನಿಂದ ಬಂದರೆ ಹೊರವಲಯ. ಲಂಡನ್ನಿನ ನಕ್ಷೆಯಲ್ಲಿ ಇಂತಹ ನಿಲ್ದಾಣಗಳನ್ನು ಎರಡು ವಲಯಗಳ ಗಡಿಗೆರೆಯ ಮೇಲೆಯೇ ಗುರುತಿಸಿರುತ್ತಾರೆ. ನಿಜವಾದ ತೊಂದರೆ ಗಡಿಯಿಂದ ಒಂದೇ ನಿಲ್ದಾಣ ಆಚೆ ಇರುವವರದು. ಅಲ್ಪ ದೂರಕ್ಕೂ ಅವರು ಎರಡು ವಲಯಗಳ ದರ ತೆರಬೇಕಾಗುತ್ತದೆ. ಈ ಅಂಚಿನ ಅನ್ಯಾಯವನ್ನು ತಗ್ಗಿಸಲು ಅಲ್ಪದೂರದ ಟಿಕೆಟ್ ನೆರವಾಗುತ್ತದೆ. ಬರ್ಲಿನ್ನಿನಲ್ಲಿ ಅದು ಮೆಟ್ರೊ ಅಥವಾ ನಗರ ರೈಲಿನ 3 ನಿಲ್ದಾಣಗಳಿಗೆ, ಇಲ್ಲವೇ ಬಸ್ ಅಥವಾ ಟ್ರಾಮಿನ 6 ನಿಲ್ದಾಣಗಳಿಗೆ ಸಲ್ಲುತ್ತದೆ.

ದಟ್ಟಣೆಯ ಹೊತ್ತಿನ ದರ ಎಂದರೆ ಹತ್ತಿದ ಸಮಯವೋ, ಇಳಿದ ಸಮಯವೋ?

ಬಹುಪಾಲು ಕಡೆ ಒಳಗೆ ಹೋಗುವಾಗ ಕಾರ್ಡ್ ತಾಗಿಸಿದ ಕ್ಷಣವೇ ಲೆಕ್ಕಕ್ಕೆ ಬರುತ್ತದೆ. ಲಂಡನ್ನಿನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6.30ರಿಂದ 9.30ರವರೆಗೆ ಮತ್ತು ಸಂಜೆ 4ರಿಂದ 7ರವರೆಗೆ ದಟ್ಟಣೆಯ ಅವಧಿ. 9.29ಕ್ಕೆ ಗೇಟ್ ದಾಟಿ 10.15ಕ್ಕೆ ಹೊರಬಂದರೂ ದಟ್ಟಣೆಯ ದರವೇ ಅನ್ವಯವಾಗುತ್ತದೆ. ಎರಡು ನಿಮಿಷ ಹೊರಗೆ ನಿಂತು ಒಳಹೋಗುವುದು ಇಲ್ಲಿ ನಿಜಕ್ಕೂ ಲಾಭದ ಕೆಲಸ.

## ವಾಹನ ಬದಲಾವಣೆಯ ಬಗ್ಗೆ

ಮನೆಯಿಂದ ಕಚೇರಿಗೆ ನೇರ ಬಸ್ಸಿಲ್ಲ. ಎರಡು ಬಸ್ ಹಿಡಿಯಬೇಕಾದ್ದು ನನ್ನ ತಪ್ಪಲ್ಲ. ಆದರೂ ಎರಡು ಸಲ ಟಿಕೆಟ್ ಯಾಕೆ ತೆಗೆದುಕೊಳ್ಳಬೇಕು?

ಇಲ್ಲಿ ಬರುವ ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದದ್ದು ಇದೇ ಎಂದು ನಾನು ನಂಬಿದ್ದೇನೆ. ದರಕ್ಕೆ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ: ಹತ್ತಿದ್ದಕ್ಕೆ ಕೊಡುವ ಕನಿಷ್ಠ ದರ ಮತ್ತು ದೂರ ಹೆಚ್ಚಿದಂತೆ ಸೇರುವ ಮೊತ್ತ. ಪ್ರತಿ ವಾಹನವನ್ನೂ ಪ್ರತ್ಯೇಕ ಪ್ರಯಾಣವೆಂದು ನೋಡುವ ವ್ಯವಸ್ಥೆಯಲ್ಲಿ ಹತ್ತಿದಾಗಲೆಲ್ಲ ಕನಿಷ್ಠ ದರ ಮತ್ತೆ ಮತ್ತೆ ಬೀಳುತ್ತದೆ. ಹೀಗಾಗಿ 12 ಕಿಲೋಮೀಟರ್ ದೂರವನ್ನು ಒಂದೇ ಬಸ್ಸಿನಲ್ಲಿ ಹೋದವರಿಗಿಂತ, ಅದೇ ದೂರವನ್ನು ಎರಡು ಬಸ್ಸುಗಳಲ್ಲಿ, ನಡುವೆ ಬಿಸಿಲಲ್ಲೋ ಮಳೆಯಲ್ಲೋ ಕಾದು ಹೋದವರು ಹೆಚ್ಚು ಹಣ ಕೊಡುತ್ತಾರೆ.

ವಾಹನ ಬದಲಿಸುವುದು ಪ್ರಯಾಣಿಕರು ಬಯಸಿ ಪಡೆದ ಸವಲತ್ತಲ್ಲ. ಮಾರ್ಗಗಳನ್ನು ಎಳೆದ ರೀತಿಯಿಂದ ಅವರ ಮೇಲೆ ಬಿದ್ದ ಹೊರೆ. ಎಲ್ಲ ಬಡಾವಣೆಗಳಿಂದ ಎಲ್ಲ ಬಡಾವಣೆಗಳಿಗೂ ನೇರ ಬಸ್ ಓಡಿಸಲು ಯಾವ ಸಂಸ್ಥೆಗೂ ಸಾಧ್ಯವಿಲ್ಲ. ಓಡಿಸಿದರೆ ಪ್ರತಿ ಮಾರ್ಗದಲ್ಲೂ ಗಂಟೆಗೊಂದೇ ಬಸ್ ಬರುತ್ತದೆ. ಕೆಲವೇ ಮುಖ್ಯ ಮಾರ್ಗಗಳಲ್ಲಿ ಐದು ನಿಮಿಷಕ್ಕೊಂದರಂತೆ ಓಡಿಸಿ, ನಡುವೆ ಬದಲಿಸಿ ಎಂದು ಹೇಳುವುದು ಇಡೀ ಜಾಲಕ್ಕೆ ಒಳ್ಳೆಯದು. ಆದರೆ ಬದಲಿಸಿ ಎಂದು ಹೇಳಿದವರೇ ಬದಲಿಸಿದ್ದಕ್ಕೆ ಮತ್ತೊಮ್ಮೆ ಹಣ ಕೇಳಿದರೆ ಆ ಜಾಲ ತನ್ನ ಕಾಲಿಗೆ ತಾನೇ ಕಲ್ಲು ಹಾಕಿಕೊಂಡಂತೆ. ದರವು ಪ್ರಯಾಣವನ್ನು ನೋಡಬೇಕು, ವಾಹನವನ್ನಲ್ಲ.

ಹಲವು ನಗರಗಳು ಇದನ್ನು ಒಪ್ಪಿ ನಿಯಮ ಬದಲಿಸಿವೆ. ನ್ಯೂಯಾರ್ಕಿನಲ್ಲಿ 1997ರಿಂದ ಬಸ್ಸಿಗೂ ಸಬ್‌ವೇಗೂ ನಡುವೆ ಉಚಿತ ಬದಲಾವಣೆ ಬಂತು; ಅದಕ್ಕೆ ಮೊದಲು ಸಬ್‌ವೇ ತಲುಪದ ಬಡಾವಣೆಗಳವರು ಎರಡು ದರ ತೆರುತ್ತಿದ್ದರು. ಬ್ರೆಜಿಲ್‌ನ ಸಾವೊ ಪಾಲೊ 2004ರಲ್ಲಿ ನಿಗದಿತ ಅವಧಿಯೊಳಗೆ ಹಲವು ಬಸ್ಸುಗಳಿಗೆ ಸಲ್ಲುವ ಏಕ ಟಿಕೆಟ್ ತಂದಿತು. ಅದೇ ವರ್ಷ ಜುಲೈನಲ್ಲಿ ಸೋಲ್ ತನ್ನ ಬಸ್ ಮಾರ್ಗಗಳನ್ನೆಲ್ಲ ಮರುಜೋಡಿಸುವಾಗ, ಬಸ್ ಮತ್ತು ಮೆಟ್ರೊಗಳಲ್ಲಿ ಕ್ರಮಿಸಿದ ಒಟ್ಟು ದೂರಕ್ಕೆ ಮಾತ್ರ ದರ ಎಂಬ ಕ್ರಮವನ್ನೂ ಜಾರಿಗೊಳಿಸಿತು. ಮಾರ್ಗಗಳ ಮರುಜೋಡಣೆ ಮತ್ತು ದರದ ಸುಧಾರಣೆ ಒಟ್ಟಿಗೇ ಬಂದದ್ದು ಅಲ್ಲಿನ ವಿವೇಕ.

ಟಿಕೆಟ್ ಮೇಲೆ "ಎರಡು ಗಂಟೆ ಮಾನ್ಯ" ಎಂದಿದೆ. ಯಾವಾಗಿನಿಂದ ಯಾವಾಗಿನವರೆಗೆ?

ಈ ಮಾತನ್ನು ತಪ್ಪಾಗಿ ತಿಳಿದವರಿಗೆ ದಂಡ ಬೀಳುವುದುಂಟು. ಅವಧಿಯನ್ನು ಅಳೆಯಲು ಕನಿಷ್ಠ ಮೂರು ರೀತಿಗಳಿವೆ, ಮೂರರ ಫಲವೂ ಬೇರೆ ಬೇರೆ.

ಒಂದು, ಟಿಕೆಟ್ ಸಕ್ರಿಯವಾದ ಕ್ಷಣದಿಂದ ಇಡೀ ಪ್ರಯಾಣ ಮುಗಿಯುವವರೆಗೆ. ಬರ್ಲಿನ್ನಿನ ಎರಡು ಗಂಟೆ ಹೀಗೆ: ಎರಡು ಗಂಟೆ ಮುಗಿಯುವ ಹೊತ್ತಿಗೆ ನೀವು ಇಳಿದಿರಬೇಕು. ಎರಡು, ಮೊದಲ ವಾಹನ ಹತ್ತಿದ ಕ್ಷಣದಿಂದ ಕೊನೆಯ ವಾಹನ ಹತ್ತುವವರೆಗೆ. ಲಂಡನ್ನಿನ ಬಸ್ಸುಗಳಲ್ಲಿ ಒಂದು ಗಂಟೆಯೊಳಗೆ ಮುಂದಿನ ಬಸ್ ಹತ್ತಿದರೆ ಅದು ಉಚಿತ. 59ನೇ ನಿಮಿಷದಲ್ಲಿ ಹತ್ತಿ ಮುಂದೆ ಮುಕ್ಕಾಲು ಗಂಟೆ ಕುಳಿತರೂ ಅಡ್ಡಿಯಿಲ್ಲ. ಈ ಸೌಲಭ್ಯ 2016ರ ಸೆಪ್ಟೆಂಬರಿನಲ್ಲಿ ಒಂದೇ ಬದಲಾವಣೆಗೆ ಆರಂಭವಾಗಿ, 2018ರ ಜನವರಿಯಿಂದ ಆ ಗಂಟೆಯೊಳಗಿನ ಎಷ್ಟು ಬದಲಾವಣೆಗಳಿಗಾದರೂ ವಿಸ್ತರಿಸಿತು. ಮೂರು, ಒಂದು ವಾಹನ ಇಳಿದ ಕ್ಷಣದಿಂದ ಮುಂದಿನದನ್ನು ಹತ್ತುವವರೆಗಿನ ಬಿಡುವು. ಸೋಲ್‌ನಲ್ಲಿ ಈ ಬಿಡುವು 30 ನಿಮಿಷ, ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಒಂದು ಗಂಟೆ. ನೆದರ್ಲೆಂಡ್ಸ್‌ನಲ್ಲಿ 35 ನಿಮಿಷದೊಳಗೆ ಮತ್ತೆ ಹತ್ತಿದರೆ ಕನಿಷ್ಠ ದರ ಎರಡನೇ ಬಾರಿ ಬೀಳುವುದಿಲ್ಲ. ಸಿಂಗಪುರವು ಎರಡು ರೀತಿಗಳನ್ನೂ ಬೆಸೆದಿದೆ: ಪ್ರತಿ ಬದಲಾವಣೆಗೆ 45 ನಿಮಿಷ, ಒಟ್ಟು ಪ್ರಯಾಣಕ್ಕೆ 2 ಗಂಟೆ, ಬದಲಾವಣೆಗಳು 5ಕ್ಕೆ ಮೀರಬಾರದು.

ಮೂರನೆಯ ರೀತಿಯೇ ಪ್ರಯಾಣಿಕರಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಮೊದಲ ಬಸ್ಸು ವಾಹನಗಳ ಸಾಲಿನಲ್ಲಿ ಸಿಕ್ಕಿ ಐವತ್ತು ನಿಮಿಷ ತಡವಾದರೆ, ಮೊದಲೆರಡು ರೀತಿಗಳಲ್ಲಿ ಆ ವಿಳಂಬ ಪ್ರಯಾಣಿಕರ ಖಾತೆಗೆ ಬೀಳುತ್ತದೆ. ಮೂರನೆಯದರಲ್ಲಿ ಇಳಿದ ಮೇಲೆಯೇ ಗಡಿಯಾರ ಓಡತೊಡಗುತ್ತದೆ. ಆದರೆ ಅದಕ್ಕಾಗಿ ಇಳಿಯುವಾಗಲೂ ಕಾರ್ಡ್ ತಾಗಿಸಬೇಕು. ಬಾಗಿಲಲ್ಲಿ ಜನ ಒತ್ತಿ ನಿಂತಿರುವ ಬಸ್ಸಿನಲ್ಲಿ ಅದೂ ಸಣ್ಣ ಕೆಲಸವಲ್ಲ.

ನಡುವೆ ಇಳಿದು ಔಷಧಿ ಕೊಂಡು ಅದೇ ಟಿಕೆಟ್‌ನಲ್ಲಿ ಮುಂದೆ ಹೋಗಬಹುದೇ? ವಾಪಸ್ ಬರಬಹುದೇ?

ಮುಂದೆ ಹೋಗುವುದಕ್ಕೆ, ಅವಧಿ ಮೀರದಿದ್ದರೆ, ಹೆಚ್ಚಿನ ಕಡೆ ಅಡ್ಡಿಯಿಲ್ಲ. ವಾಪಸ್ ಬರುವ ವಿಚಾರದಲ್ಲಿ ನಗರಗಳು ಒಂದೇ ದಾರಿ ಹಿಡಿದಿಲ್ಲ. ಬರ್ಲಿನ್ನಿನ ಟಿಕೆಟ್ ಒಂದೇ ದಿಕ್ಕಿಗೆ ಮಾತ್ರ. ಹಿಂದಿರುಗುವುದಕ್ಕೂ ಸುತ್ತಿ ಬರುವುದಕ್ಕೂ ಅದು ಸಲ್ಲದು. ಸೋಲ್ ಮತ್ತು ಸಿಂಗಪುರಗಳಲ್ಲಿ ಅದೇ ಸಂಖ್ಯೆಯ ಬಸ್ಸನ್ನು ಮತ್ತೆ ಹತ್ತಿದರೆ ಹೊಸ ಪ್ರಯಾಣವೆಂದು ಲೆಕ್ಕ ಹಾಕುತ್ತಾರೆ. ಲಂಡನ್ನಿನ ಬಸ್ಸುಗಳಲ್ಲಿ ಇಂತಹ ನಿರ್ಬಂಧವಿಲ್ಲ. ಒಂದು ಗಂಟೆಯೊಳಗೆ ಅದೇ ಮಾರ್ಗದ ಬಸ್ಸಿನಲ್ಲಿ ಹಿಂದಿರುಗಬಹುದು. ಟೊರೊಂಟೊದಲ್ಲಿ ಹಿಂದೆ ಕಾಗದದ ಬದಲಾವಣೆ ಚೀಟಿ ಹಿಡಿದವರು ನಡುವೆ ನಿಲ್ಲದೆ ಒಂದೇ ದಿಕ್ಕಿನಲ್ಲಿ ಸಾಗಬೇಕಿತ್ತು. 2018ರಲ್ಲಿ ಕಾರ್ಡ್ ಬಳಸುವವರಿಗೆ ಎರಡು ಗಂಟೆಗಳ ಮುಕ್ತ ಅವಧಿ ಬಂತು. ಚೀಟಿ ನೋಡಿ ಪ್ರಯಾಣಿಕರ ಉದ್ದೇಶವನ್ನು ಊಹಿಸುವ ಕೆಲಸ ಅಲ್ಲಿಗೆ ಚಾಲಕರಿಗೆ ತಪ್ಪಿತು.

ಒಂದು ನಿಲ್ದಾಣದ ಗೇಟಿನಿಂದ ಹೊರಬಂದು, ರಸ್ತೆ ದಾಟಿ ಇನ್ನೊಂದು ನಿಲ್ದಾಣದ ಗೇಟಿಗೆ ಹೋದೆ. ಇದು ಒಂದೇ ಪ್ರಯಾಣವೇ?

ಆ ಎರಡು ನಿಲ್ದಾಣಗಳನ್ನು ಜೋಡಿಯೆಂದು ಮೊದಲೇ ಘೋಷಿಸಿದ್ದರೆ ಮಾತ್ರ ಹೌದು. ಲಂಡನ್ನಿನಲ್ಲಿ ಇಂತಹ ಜೋಡಿಗಳ ಪಟ್ಟಿಯೇ ಇದ್ದು, ಪ್ರತಿ ಜೋಡಿಗೂ ನಿಗದಿತ ನಿಮಿಷಗಳಿವೆ. ಟೋಕಿಯೊ ಮೆಟ್ರೊದಲ್ಲಿ ಗೊತ್ತುಪಡಿಸಿದ ನಿಲ್ದಾಣಗಳಲ್ಲಿ 60 ನಿಮಿಷದೊಳಗೆ ಮರುಪ್ರವೇಶಿಸಿದರೆ ಪ್ರಯಾಣ ಮುಂದುವರಿದಂತೆ. ನಕ್ಷೆಯಲ್ಲಿ ಹತ್ತಿರ ಕಂಡ ಮಾತ್ರಕ್ಕೆ ಜೋಡಿ ಎಂದುಕೊಳ್ಳಬಾರದು.

## ಕಾರ್ಡ್, ಫೋನ್ ಮತ್ತು ಪಾಸ್

ಇಳಿಯುವಾಗ ಕಾರ್ಡ್ ತಾಗಿಸುವುದು ಮರೆತೆ. ಇಷ್ಟೊಂದು ಹಣ ಹೇಗೆ ಹೋಯಿತು?

ಹತ್ತಿದ್ದು ಮತ್ತು ಇಳಿದದ್ದು, ಈ ಎರಡು ಬಿಂದುಗಳಷ್ಟೇ ಯಂತ್ರಕ್ಕೆ ತಿಳಿಯುತ್ತವೆ. ಎರಡನೆಯದು ಸಿಗದಿದ್ದರೆ ಅದು ಅತಿ ದೂರದ ಪ್ರಯಾಣವನ್ನೇ ಊಹಿಸುತ್ತದೆ. ಲಂಡನ್ನಿನ ರೈಲುಗಳಲ್ಲಿ ಗರಿಷ್ಠ ದರ ಬೀಳುತ್ತದೆ. ಸಿಂಗಪುರದ ಬಸ್ಸಿನಲ್ಲಿ ಮಾರ್ಗದ ಕೊನೆಯವರೆಗಿನ ದರ ಬೀಳುತ್ತದೆ. ನೆದರ್ಲೆಂಡ್ಸ್‌ನಲ್ಲಿ ಹಣ ತುಂಬಿಸಿದ ಕಾರ್ಡಿನಿಂದ ಹತ್ತುವಾಗಲೇ ಒಂದು ಮುಂಗಡ ಮೊತ್ತವನ್ನು ಹಿಡಿದಿಟ್ಟು, ಇಳಿಯುವಾಗ ಉಳಿದದ್ದನ್ನು ಹಿಂದಿರುಗಿಸುವ ಕ್ರಮವಿದೆ. ಮರೆತದ್ದು ಗೊತ್ತಾದ ಕೂಡಲೇ ಎಲ್ಲಿ ಇಳಿದಿರಿ ಎಂಬುದನ್ನು ತಿಳಿಸಿ ಮರುಪಾವತಿ ಕೋರಬೇಕು. ಪ್ರಾಮಾಣಿಕ ಮರೆವನ್ನು ಹೆಚ್ಚಿನ ಸಂಸ್ಥೆಗಳು ವಿಚಾರಿಸಿ ಸರಿಪಡಿಸುತ್ತವೆ, ಆದರೆ ಪದೇ ಪದೇ ಅಲ್ಲ. ಇಳಿದ ಸ್ಥಳ ದಾಖಲಾಗದಿದ್ದರೆ ಬದಲಾವಣೆಯ ರಿಯಾಯಿತಿಯೂ ಕೈತಪ್ಪಬಹುದು ಎಂಬುದನ್ನು ಹಲವರು ಗಮನಿಸುವುದಿಲ್ಲ.

ಒಳಗೆ ಬ್ಯಾಂಕ್ ಕಾರ್ಡ್ ತಾಗಿಸಿದೆ, ಹೊರಗೆ ಫೋನ್ ತಾಗಿಸಿದೆ. ಖಾತೆ ಒಂದೇ ಅಲ್ಲವೇ?

ಖಾತೆ ಒಂದೇ, ಆದರೆ ಗುರುತು ಬೇರೆ. ಫೋನಿಗೆ ಕಾರ್ಡ್ ಸೇರಿಸಿದಾಗ ಭದ್ರತೆಗಾಗಿ ಅದಕ್ಕೆ ಬೇರೊಂದು ಸಂಖ್ಯೆ ದೊರೆಯುತ್ತದೆ; ಸ್ಮಾರ್ಟ್ ವಾಚಿಗೆ ಸೇರಿಸಿದರೆ ಮತ್ತೊಂದು. ಗೇಟಿಗೆ ಕಾಣುವುದು ಆ ಸಂಖ್ಯೆ ಮಾತ್ರ. ಹೀಗಾಗಿ ಕಾರ್ಡಿನವರು ಒಳಹೋಗಿ ಹೊರಬರಲೇ ಇಲ್ಲ, ಫೋನಿನವರು ಒಳಹೋಗದೆ ಹೊರಬಂದರು ಎಂದು ಎರಡು ಅಪೂರ್ಣ ಪ್ರಯಾಣಗಳು ದಾಖಲಾಗುತ್ತವೆ, ಎರಡಕ್ಕೂ ಗರಿಷ್ಠ ದರ ಬೀಳಬಹುದು. ಎರಡು ಕಾರ್ಡುಗಳಿದ್ದ ಪರ್ಸನ್ನು ಹಾಗೆಯೇ ಯಂತ್ರಕ್ಕೆ ತಾಗಿಸಿ ನಾನೂ ಒಮ್ಮೆ ಈ ಪಾಠ ಕಲಿತೆ. ಅಂದಿನಿಂದ ಪ್ರಯಾಣದ ಕಾರ್ಡನ್ನು ಬೇರೆ ಜೇಬಿನಲ್ಲಿಡುತ್ತೇನೆ.

ತಿಂಗಳ ಪಾಸ್ ಕೊಳ್ಳಲೇ, ಅಥವಾ ದಿನದ ಮಿತಿ, ವಾರದ ಮಿತಿ ಇರುವ ಕಾರ್ಡ್ ಸಾಕೇ?

ಪಾಸ್ ಎಂದರೆ ಎಷ್ಟು ಓಡಾಡುತ್ತೇನೆಂದು ಮೊದಲೇ ಊಹಿಸಿ, ಅಷ್ಟೂ ಹಣವನ್ನು ಒಮ್ಮೆಲೇ ಕೊಡುವುದು. ಮಿತಿಯ ಕ್ರಮದಲ್ಲಿ ಊಹೆ ಬೇಕಿಲ್ಲ. ಪ್ರತಿ ಸಲದ ದರ ಕಡಿತವಾಗುತ್ತಾ ಹೋಗಿ, ನಿಗದಿತ ಮೊತ್ತ ಮುಟ್ಟಿದ ಮೇಲೆ ಮುಂದಿನ ಪ್ರಯಾಣಗಳಿಗೆ ಹಣ ಬೀಳುವುದಿಲ್ಲ. ಲಂಡನ್ನಿನ ಕಾರ್ಡುಗಳಲ್ಲಿ ದಿನದ ಮಿತಿ 2005ರಲ್ಲಿ ಆರಂಭವಾಯಿತು. ನ್ಯೂಯಾರ್ಕಿನಲ್ಲಿ ಏಳು ದಿನಗಳಲ್ಲಿ 12 ಬಾರಿ ಹಣ ಕೊಟ್ಟ ಮೇಲೆ ಉಳಿದ ಪ್ರಯಾಣಗಳು ಉಚಿತ ಎಂಬ ಕ್ರಮ 2022ರಲ್ಲಿ ಬಂತು.

ದಿನಗೂಲಿಯ ಮೇಲೆ ಬದುಕುವವರಿಗೆ ತಿಂಗಳ ಮೊದಲ ದಿನವೇ ಪಾಸಿನ ಮೊತ್ತ ಹೊಂದಿಸಲಾಗದೆ, ಬಿಡಿ ಟಿಕೆಟ್‌ಗಳಿಗೇ ಪಾಸಿಗಿಂತ ಹೆಚ್ಚು ಖರ್ಚಾಗುವುದುಂಟು. ಮಿತಿಯ ಕ್ರಮ ಈ ಅನ್ಯಾಯವನ್ನು ಸದ್ದಿಲ್ಲದೆ ನಿವಾರಿಸುತ್ತದೆ. ಆದ್ದರಿಂದಲೇ ಕಾರ್ಡ್ ತಂತ್ರಜ್ಞಾನ ತಂದ ಅತ್ಯುತ್ತಮ ಬದಲಾವಣೆ ಇದೆಂದು ನಾನು ಹೇಳುತ್ತೇನೆ. ಆದರೆ ವಾರ ಎಂದಿನಿಂದ ಎಣಿಕೆಯಾಗುತ್ತದೆ ಎಂಬುದನ್ನು ನೋಡಿಕೊಳ್ಳಬೇಕು: ಲಂಡನ್ನಿನಲ್ಲಿ ಸೋಮವಾರದಿಂದ ಭಾನುವಾರದವರೆಗೆ. ಗುರುವಾರ ಬಂದಿಳಿದು ಮುಂದಿನ ಬುಧವಾರ ಹೊರಡುವವರ ಲೆಕ್ಕ ಎರಡು ವಾರಗಳಿಗೆ ಹರಿದು ಹಂಚಿಹೋಗುತ್ತದೆ. ನಿತ್ಯವೂ ಓಡಾಡುವವರಿಗೆ ದೀರ್ಘಾವಧಿಯ ಪಾಸೇ ಲಾಭ. ವಿಯೆನ್ನಾ 2012ರಲ್ಲಿ ವಾರ್ಷಿಕ ಪಾಸಿನ ಬೆಲೆಯನ್ನು 365 ಯೂರೋಗೆ ಇಳಿಸಿ, ದಿನಕ್ಕೊಂದು ಯೂರೋ ಎಂಬ ಲೆಕ್ಕವನ್ನು ಜನರ ಬಾಯಲ್ಲಿ ನಿಲ್ಲಿಸಿತು.

ನಾವಿಬ್ಬರೂ ಒಂದೇ ಕಾರ್ಡ್ ಬಳಸಬಹುದೇ?

ಇಳಿಯುವಾಗಲೂ ತಾಗಿಸಬೇಕಾದ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಆಗದು. ಒಂದು ಕಾರ್ಡ್ ಏಕಕಾಲಕ್ಕೆ ಒಬ್ಬರ ಪ್ರಯಾಣವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ.

## ಆಳದ ಪ್ರಶ್ನೆಗಳು

ಗೇಟಿನ ಒಳಗೆ ಯಾವ ದಾರಿಯಲ್ಲಿ ಹೋದೆ ಎಂಬುದು ಕಾರ್ಡಿಗೆ ಹೇಗೆ ಗೊತ್ತಾಗುತ್ತದೆ?

ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಎರಡು ನಿಲ್ದಾಣಗಳ ನಡುವೆ ಹಲವು ದಾರಿಗಳಿದ್ದರೆ, ಜನರು ಹೆಚ್ಚಾಗಿ ಹಿಡಿಯುವ ಅಥವಾ ಅಗ್ಗವಾದ ದಾರಿಯನ್ನು ವ್ಯವಸ್ಥೆಯೇ ಊಹಿಸಿ ದರ ಹಾಕುತ್ತದೆ. ಲಂಡನ್ನಿನಲ್ಲಿ ನಗರ ಕೇಂದ್ರದ ಒಂದನೇ ವಲಯವನ್ನು ಪ್ರವೇಶಿಸದೆ ಸುತ್ತಿ ಹೋಗುವವರಿಗೆ ದರ ಕಡಿಮೆ. ಅದನ್ನು ಸಾಬೀತುಪಡಿಸಲು ಬದಲಾವಣೆಯ ನಿಲ್ದಾಣಗಳಲ್ಲಿ ಗುಲಾಬಿ ಬಣ್ಣದ ಯಂತ್ರಗಳಿವೆ. ನಡುವೆ ಅದಕ್ಕೆ ಕಾರ್ಡ್ ತಾಗಿಸಿದರೆ ಹೊಸ ದರ ಬೀಳದೆ, ಈ ದಾರಿಯಲ್ಲಿ ಬಂದೆ ಎಂಬ ದಾಖಲೆಯಷ್ಟೇ ಸೇರುತ್ತದೆ.

ಎಲ್ಲ ಕಡೆ ಒಂದೇ ಕಾರ್ಡ್ ನಡೆಯುತ್ತದೆ. ಆದರೂ ಬಸ್ಸಿಂದ ರೈಲಿಗೆ ಹೋದರೆ ಪೂರ್ತಿ ದರ ಬೀಳುತ್ತದಲ್ಲ?

ಒಂದೇ ಕಾರ್ಡ್ ಎಂದರೆ ಒಂದೇ ದರ ಎಂದಲ್ಲ. ಈ ಎರಡನ್ನೂ ಬೆರೆಸುವುದರಿಂದಲೇ ಬಹಳಷ್ಟು ನಿರಾಸೆ ಹುಟ್ಟುತ್ತದೆ. ಕಾರ್ಡ್ ಕೇವಲ ಹಣದ ಚೀಲ. ಅದರಿಂದ ಯಾರು ಎಷ್ಟು ತೆಗೆಯಬೇಕೆಂಬುದು ಸಂಸ್ಥೆಗಳ ಒಪ್ಪಂದಕ್ಕೆ ಬಿಟ್ಟದ್ದು. ಟೋಕಿಯೊದಲ್ಲಿ ಒಂದೇ ಕಾರ್ಡಿನಿಂದ ಹತ್ತಾರು ಕಂಪನಿಗಳ ರೈಲು ಹತ್ತಬಹುದು, ಆದರೆ ಕಂಪನಿ ಬದಲಾದಾಗ ಹೊಸ ಕನಿಷ್ಠ ದರ ಶುರುವಾಗುತ್ತದೆ. ಕೆಲವು ಜೋಡಿಗಳ ನಡುವೆ ಮಾತ್ರ ರಿಯಾಯಿತಿ ಇದೆ.

ಇದಕ್ಕೆ ಪ್ರತಿಯಾಗಿ ಜರ್ಮನಿಯ ಹ್ಯಾಂಬರ್ಗ್ 1965ರಲ್ಲೇ, ಕಾರ್ಡು, ಚಿಪ್ಪುಗಳಿಲ್ಲದ ಕಾಲದಲ್ಲಿ, ಕಾಗದದ ಟಿಕೆಟ್‌ನಿಂದಲೇ ಈ ಸಮಸ್ಯೆಯನ್ನು ಬಗೆಹರಿಸಿತು. ಬಸ್, ರೈಲು, ದೋಣಿಗಳ ಸಂಸ್ಥೆಗಳೆಲ್ಲ ಒಂದು ಸಾರಿಗೆ ಒಕ್ಕೂಟಕ್ಕೆ ಸೇರಿದವು. ಸಂಗ್ರಹವಾದ ಹಣ ಒಂದೆಡೆ ಸೇರಿ ಒಪ್ಪಿದ ಸೂತ್ರದಂತೆ ಹಂಚಿಕೆಯಾಯಿತು. 1972ರಲ್ಲಿ ಮ್ಯೂನಿಕ್, 1990ರಲ್ಲಿ ಜ್ಯೂರಿಕ್ ಇದೇ ಹಾದಿ ಹಿಡಿದವು. ಅಡ್ಡಿ ಯಂತ್ರದಲ್ಲಿಲ್ಲ, ಹಂಚಿಕೆಯ ಒಪ್ಪಂದದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹೊಸ ಕಾರ್ಡ್ ಘೋಷಣೆಯಾದಾಗ ಮೊದಲು ಕೇಳಬೇಕಾದ ಪ್ರಶ್ನೆ: ಎರಡನೇ ವಾಹನ ಹತ್ತಿದಾಗ ಕನಿಷ್ಠ ದರ ಮತ್ತೆ ಬೀಳುತ್ತದೆಯೋ ಇಲ್ಲವೋ?

ನಿಯಮ ಹಿಂದಕ್ಕೂ ಮುಂದಕ್ಕೂ ಚಲಿಸುತ್ತಿರುತ್ತದೆ. ಪ್ಯಾರಿಸ್ 2025ರ ಜನವರಿಯಲ್ಲಿ ದೂರದ ಲೆಕ್ಕ ತೆಗೆದುಹಾಕಿ ಇಡೀ ಪ್ರದೇಶಕ್ಕೆ ಸರಳ ದರ ತಂದಿತು. ಆದರೆ ರೈಲು ಮತ್ತು ಮೆಟ್ರೊಗೆ ಒಂದು, ಬಸ್ ಮತ್ತು ಟ್ರಾಮಿಗೆ ಇನ್ನೊಂದು ಟಿಕೆಟ್ ಎಂದು ವಿಂಗಡಿಸಿದ್ದರಿಂದ, ಬಿಡಿ ಟಿಕೆಟ್ ಕೊಳ್ಳುವವರು ಮೆಟ್ರೊ ಇಳಿದು ಬಸ್ ಹತ್ತುವಾಗ ಮತ್ತೆ ಹಣ ಕೊಡಬೇಕು.

ಬದಲಾವಣೆ ಉಚಿತವಾದರೆ ಸಂಸ್ಥೆಗೆ ನಷ್ಟವಲ್ಲವೇ? ಆ ಹಣ ಎಲ್ಲಿಂದ ಬರಬೇಕು?

ಒಂದು ಸಣ್ಣ ಲೆಕ್ಕ ಮಾಡೋಣ. ಪ್ರತಿ ವಾಹನಕ್ಕೆ ದರ 10 ಇರಲಿ. ನೂರು ಜನರಲ್ಲಿ 80 ಜನ ಒಂದೇ ವಾಹನದಲ್ಲಿ, 20 ಜನ ಎರಡು ವಾಹನಗಳಲ್ಲಿ ಹೋಗುತ್ತಾರೆ. ಆದಾಯ 800 ಮತ್ತು 400, ಒಟ್ಟು 1,200. ಈಗ ಎರಡನೇ ದರವನ್ನು ತೆಗೆದು ಇಡೀ ಪ್ರಯಾಣಕ್ಕೆ 12 ಎಂದು ಮಾಡಿದರೆ ಆದಾಯ ಅದೇ 1,200. ಎಂಬತ್ತು ಜನರಿಗೆ 2 ಹೆಚ್ಚಾಯಿತು, ಇಪ್ಪತ್ತು ಜನರಿಗೆ 8 ಕಡಿಮೆಯಾಯಿತು.

ದರ ಏರಿದರೆ ಜನ ಬಿಟ್ಟುಹೋಗುವುದೂ ನಿಜ. 1960ರ ದಶಕದಿಂದ ಬಳಕೆಯಲ್ಲಿರುವ ಸಿಂಪ್ಸನ್–ಕರ್ಟಿನ್ ಎಂಬ ಸ್ಥೂಲ ಸೂತ್ರದ ಪ್ರಕಾರ ದರ ಶೇಕಡಾ 10 ಏರಿದರೆ ಪ್ರಯಾಣಿಕರು ಸುಮಾರು ಶೇಕಡಾ 3ರಷ್ಟು ಕಡಿಮೆಯಾಗುತ್ತಾರೆ. ಇದು ಅಮೆರಿಕದ ಹಳೆಯ ಅನುಭವದಿಂದ ಬಂದ ಸರಾಸರಿ. ವರ್ಷಗಳು ಕಳೆದಂತೆ ಜನರು ಬೇರೆ ದಾರಿ ಕಂಡುಕೊಳ್ಳುವುದರಿಂದ ದೀರ್ಘಾವಧಿಯ ಇಳಿಕೆ ಇದಕ್ಕಿಂತ ಹೆಚ್ಚೆಂದು ನಂತರದ ಅಧ್ಯಯನಗಳು ತೋರಿಸಿವೆ. ಆದರೆ ಈ ಲೆಕ್ಕ ಎರಡು ಕಡೆಗೂ ಸಲ್ಲುತ್ತದೆ: 20ರಿಂದ 12ಕ್ಕೆ ಇಳಿದ ದರ, ಇದುವರೆಗೆ ಬರದಿದ್ದವರನ್ನು ಕರೆತರುತ್ತದೆ. ಅವರ ಪಾಲಿಗೆ ಇಳಿಕೆ ಶೇಕಡಾ 40.

ಎಲ್ಲವನ್ನೂ ಉಚಿತ ಮಾಡಿಬಿಟ್ಟರೆ ಈ ನಿಯಮಗಳ ಗೋಜೇ ಇರುವುದಿಲ್ಲವಲ್ಲ?

ದರದ ಗೋಜು ಹೋಗುತ್ತದೆ, ಕಾಯುವ ಗೋಜು ಉಳಿಯುತ್ತದೆ. ಎಸ್ಟೋನಿಯಾದ ರಾಜಧಾನಿ ಟಾಲಿನ್ 2013ರಲ್ಲಿ ತನ್ನ ನೋಂದಾಯಿತ ನಿವಾಸಿಗಳಿಗೆ ನಗರ ಸಾರಿಗೆಯನ್ನು ಉಚಿತಗೊಳಿಸಿತು. ಅಲ್ಲಿ ಹೊಸದಾಗಿ ಬಸ್ ಹತ್ತಿದವರಲ್ಲಿ ಹಿಂದೆ ಕಾರಿನಲ್ಲಿ ಹೋಗುತ್ತಿದ್ದವರಿಗಿಂತ ನಡೆದು ಹೋಗುತ್ತಿದ್ದವರ ಪಾಲು ಎದ್ದು ಕಂಡಿತು. ದರವನ್ನು ಬಿಟ್ಟುಕೊಟ್ಟ ಸಂಸ್ಥೆಯ ಬಳಿ ಹೆಚ್ಚು ಬಸ್ ಓಡಿಸಲು ಬೇರೆ ಆದಾಯವಿಲ್ಲದಿದ್ದರೆ, ಎರಡು ಬಸ್ ಹಿಡಿಯಬೇಕಾದವರು ಉಚಿತವಾಗಿಯೇ ಅರ್ಧ ಗಂಟೆ ಕಾಯುತ್ತಾರೆ. ಅವರಿಗೆ ಹೆಚ್ಚು ಬೇಕಾದದ್ದು ಯಾವುದು ಎಂದು ಅವರನ್ನೇ ಕೇಳಿದ ಮೇಲೆ ಹಣ ಎಲ್ಲಿ ಹಾಕಬೇಕೆಂದು ನಿರ್ಧರಿಸುವುದು ಲೇಸು.

ಲಕ್ಸೆಂಬರ್ಗ್ 2020ರ ಫೆಬ್ರವರಿ 29ರಿಂದ ಇಡೀ ದೇಶದಲ್ಲಿ, ನಿವಾಸಿಗಳಿಗೂ ಪ್ರವಾಸಿಗಳಿಗೂ, ಬಸ್, ಟ್ರಾಮ್ ಮತ್ತು ರೈಲಿನ ಎರಡನೇ ದರ್ಜೆಯನ್ನು ಉಚಿತಗೊಳಿಸಿದೆ. ಅಲ್ಲಿಯೂ ರೈಲಿನ ಮೊದಲ ದರ್ಜೆಗೆ ಟಿಕೆಟ್ ಬೇಕು. ನೆರೆಯ ದೇಶಗಳಿಂದ ದಿನವೂ ಕೆಲಸಕ್ಕೆ ಬಂದು ಹೋಗುವವರು ಗಡಿಯಾಚೆಯ ಭಾಗಕ್ಕೆ ಹಣ ಕೊಡಬೇಕು. ಎಲ್ಲಿಯವರೆಗೆ ಉಚಿತ, ಯಾವ ನಿಲ್ದಾಣದಿಂದಾಚೆ ದರ ಎಂಬ ಲೆಕ್ಕ ಅವರ ಟಿಕೆಟ್‌ಗಳಲ್ಲಿ ಇಂದಿಗೂ ಇದೆ.